ಕಾಲಿಗೆ ಬುದ್ಧಿ

ರಾತ್ರಿಯಿಡೀ ನಾನು ಬೆಟ್ಟದ ಬಾಯಲ್ಲಿ ಕೂತಿರುತ್ತೇನೆ.
ಹ್ರುಷಿತ್ಸಾ ಸುರಂಗ, ಸುಂಕದ ಗೂಡು, ಮೂರನೆಯ ಕಿಟಕಿ.
ಗಾಜು ಸರಿಯುತ್ತದೆ, ಒಂದು ಕೈ ಚಾಚುತ್ತದೆ,
ಚಿಲ್ಲರೆ, ಚೀಟಿ, ಶುಭರಾತ್ರಿ.
ಎರಡು ಗಂಟೆಯ ಮೇಲೆ ಕೈಗಳಿಗೆ ಮುಖವಿರುವುದಿಲ್ಲ.
ಅವರು ಬೆಟ್ಟದ ಹೊಟ್ಟೆಯೊಳಗೆ ನುಗ್ಗಿ
ರೇಡಿಯೋದಲ್ಲಿ ಎರಡು ಹಾಡು ಮುಗಿಯುವುದರೊಳಗೆ
ಆಸ್ಟ್ರಿಯದಲ್ಲಿರುತ್ತಾರೆ.
ನಾನು ಆರು ಗಂಟೆಗೆ ಸಮವಸ್ತ್ರ ಕಳಚಿ
ಅದೇ ಬೆಟ್ಟದ ಬೆನ್ನು ಹತ್ತುತ್ತೇನೆ.

ಮೊದಲು ಹೀಗಿರಲಿಲ್ಲ.
ಮೊದಲು ಮನೆಗೆ ಹೋಗಿ ಪರದೆ ಎಳೆದು ಮಲಗುತ್ತಿದ್ದೆ.
ಮಲಗುತ್ತಿದ್ದೆ ಎಂದರೆ, ಸೂರು ನೋಡುತ್ತಿದ್ದೆ.
ಹೊದಿಕೆಯ ಅಂಚಿನಲ್ಲಿ ಬೆರಳುಗಳು
ಇಲ್ಲದ ಚಿಲ್ಲರೆ ಎಣಿಸುತ್ತಿದ್ದವು.
ಕೆಳಗಿನ ಮನೆಯಲ್ಲಿ ಪಿಯಾನೋ ಕಲಿಯುವ ಹುಡುಗ,
ಒಂಬತ್ತು ವರ್ಷದ ಮಾತಿಯಾಷ್.
ಒಂದು ಶನಿವಾರ ಮೆಟ್ಟಿಲಲ್ಲಿ ನಿಂತು ಅವನ ಮೇಲೆ ಕೂಗಾಡಿದೆ.
ನನ್ನ ದನಿಗೆ ನಾನೇ ಹೆದರಿ
ಕಾಲಿಗೆ ಬುದ್ಧಿ ಹೇಳಿದೆ.

ಹಿಮ್ಮಡಿ ಸವೆದ ಹಳೆಯ ಶೂ.
ಇನ್ನೂರು ಹೆಜ್ಜೆಗೆ ಎದೆಯೊಳಗೆ
ಅಪ್ಪ ದುಡಿದ ಉಕ್ಕಿನ ಕುಲುಮೆ ಹೊತ್ತಿಕೊಂಡಿತು.
ಬೇಲಿ ಹಿಡಿದು ವಾಂತಿ ಮಾಡಿದೆ.
ಹಾಲು ಕರೆದು ಬರುತ್ತಿದ್ದ ಮುದುಕಿ ತಿಂತ್ಸಾ
ಬಕೆಟ್ ಇಳಿಸಿ ಕೇಳಿದಳು,
ಯಾರಮ್ಮ ಅಟ್ಟಿಸಿಕೊಂಡು ಬಂದದ್ದು?
ನಾನು ತಿರುಗಿ ನೋಡಿದೆ. ನಿಜವಾಗಿಯೂ ನೋಡಿದೆ.
ನನ್ನ ಹಾಸಿಗೆ, ಎಂದೆ.

ಈಗ ನಾಲ್ಕನೆಯ ವರ್ಷ.
ಬೀಚ್ ಮರಗಳ ಕೆಳಗೆ ಬೇರು. ಕಲ್ಲು. ಬೇರು.
ಒದ್ದೆ ಎಲೆ, ಅದರಡಿ ಏನೋ.
ಕಣ್ಣನ್ನು ಮೂರು ಹೆಜ್ಜೆ ಮುಂದೆ ಇಡಬೇಕು,
ನಾಲ್ಕಕ್ಕೆ ಹೋಯಿತೋ, ಮೊಣಕಾಲು ಸುಂಕ ಕಟ್ಟುತ್ತದೆ.
ಹಾಗಾಗಿ ಮನೆಬಾಡಿಗೆ, ತಂಗಿ ಆಡಿದ ಆ ಮಾತು,
ಎರಡೂ ಹನ್ನೊಂದಕ್ಕೆ ನನ್ನ ಮೇಲೆ ನಾಣ್ಯ ಎಸೆದ ಲಾರಿಯವನು,
ಎಲ್ಲರೂ ನಾಲ್ಕನೆಯ ಹೆಜ್ಜೆಯಲ್ಲಿ ಕಾದು ನಿಂತಿರುತ್ತಾರೆ.
ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ
ಅದು ಮೂರನೆಯದಾಗಿರುತ್ತದೆ.

ಮಳೆ ನಿಂತ ಬೆಳಗು, ದಾರಿಗಡ್ಡ ಒಂದು ಕರಿ ಸಾಲಮಂಡರ್,
ನನಗಿರುವಷ್ಟೂ ಅವಸರವಿಲ್ಲದ್ದು.
ಹಾರಿ ದಾಟುತ್ತೇನೆ.
ಕಾಡು ಬೆಳ್ಳುಳ್ಳಿಯ ವಾಸನೆ ಮೀನಖಂಡಕ್ಕೆ ಮೆತ್ತಿಕೊಂಡು
ಸಂಜೆ ಗೂಡಿನವರೆಗೂ ಜೊತೆಗೆ ಬರುತ್ತದೆ.
ಸುಳ್ಳೇಕೆ, ಎರಡು ಉಗುರು ಕಪ್ಪಾಗಿ ಉದುರಿವೆ.
ಸೆಪ್ಟೆಂಬರಿನಲ್ಲಿ ಬಿದ್ದು ಅಂಗೈ ಹರಿದಾಗ
ಅಲ್ಲೇ ಕುಕ್ಕರಿಸಿ ಕಾಡುಹಣ್ಣು ತಿಂದೆ,
ಯಾವುದು ಹಣ್ಣಿನ ರಸ, ಯಾವುದು ರಕ್ತ,
ನಾಲಿಗೆ ಕೇಳಲಿಲ್ಲ.
ಡಾಕ್ಟರ್ ಹುಮಾರ್ ನಾಡಿ ಹಿಡಿದು ಎಣಿಸಿ
ತಮ್ಮ ಗಡಿಯಾರವನ್ನು ಕಿವಿಗಿಟ್ಟು ನೋಡಿದರು,
ಮತ್ತೆ ಎಣಿಸಿದರು.

ಗೋಲಿತ್ಸಾದ ನೆತ್ತಿ. ಮೇ ತಿಂಗಳು.
ಹುಲ್ಲು ಕಾಣದಷ್ಟು ಬಿಳಿ ನಾರ್ಸಿಸಸ್.
ಎಡಗಾಲು ಒಂದು ದೇಶದಲ್ಲಿ, ಬಲಗಾಲು ಇನ್ನೊಂದರಲ್ಲಿ,
ಬೆವರು ಎರಡೂ ಕಡೆ, ಪಾಸ್‌ಪೋರ್ಟಿಲ್ಲದೆ.
ನನ್ನ ಕಿಟಕಿ ದಾಟಿದವರೆಲ್ಲ
ಈ ಬೆಟ್ಟಗಳ ಅಡಿಯಲ್ಲೇ ಎಲ್ಲೋ ಹೋಗುತ್ತಿರಬೇಕು.
ಒಮ್ಮೆ ಮಂಡಿಯೂರಿ ನೆಲಕ್ಕೆ ಕಿವಿಯಿಟ್ಟೆ.
ಡವಡವ ಕೇಳಿಸಿತು.
ಲಾರಿಯಲ್ಲ, ನಾನು.

ಹತ್ತುವುದು ದುಡಿಮೆ, ಇಳಿಯುವುದು ಸಂಬಳ.
ನಲವತ್ತೇಳರ ಹೆಂಗಸು ಎರಡೂ ತೋಳು ಬೀಸಿ
ಬೈಗುಳದಂಥದ್ದೇನನ್ನೋ ಕೂಗುತ್ತಾ ಜಾರುತ್ತಾಳೆ,
ಹಸುಗಳು ತಲೆಯೆತ್ತಿ ಗಂಟೆ ಅಲುಗಿಸುತ್ತವೆ.
ಬೇಲಿಯಲ್ಲಿ ತಿಂತ್ಸಾ,
ಇವತ್ತು ಯಾರು? ಎನ್ನುತ್ತಾಳೆ.
ಯಾರೂ ಇಲ್ಲ, ನಿಂತು ಹಾಲು ಕುಡಿಯುತ್ತೇನೆ.
ಕಾಲಿಗೆ ನಾನು ಹೇಳಿದ ಬುದ್ಧಿ ಒಂದೇ, ಓಡು ಅಂತ.
ಅದು ನನಗೆ ಹೇಳಿಕೊಡುತ್ತಿರುವುದು
ಇನ್ನೂ ಮುಗಿದಿಲ್ಲ.

ಮನೆ. ಪರದೆ. ಹಾಸಿಗೆ.
ಬೆರಳುಗಳು ಬಿಚ್ಚಿ ಬಿದ್ದಿವೆ.
ಶನಿವಾರವಾದರೆ ಕೆಳಗೆ ಮಾತಿಯಾಷ್,
ಪ್ರತಿ ಸಲ ಒಂದೇ ಜಾಗದಲ್ಲಿ ತಪ್ಪುವ ಆ ಸ್ವರ.
ಈ ಸಲ ಸರಿಬರುತ್ತದೋ ಎಂದು ಕಾಯುತ್ತೇನೆ.
ಗೊತ್ತಾಗುವುದೇ ಇಲ್ಲ,
ಅಷ್ಟರಲ್ಲಿ ನಿದ್ದೆ.